ಕಲ್ಯಾಣದ ಕೋಟೆಯೂ ಅಲ್ಲಿಯ ಶಿಲೆಗಳ ಸಾಕ್ಷ್ಯವೂ

ಬೀದರ ಜಿಲ್ಲೆಯ ಬಸವಕಲ್ಯಾಣವೇ ಪ್ರಾಚೀನ ಕಲ್ಯಾಣಪುರವೆಂಬುದು ವಿದ್ವಾಂಸರಿಗೆ ವಿದಿತವಾದುದಷ್ಟೆ. ಒಂದನೆಯ ಸೋಮೇಶ್ವರನು (ಕ್ರಿ. ಶ. 1042-1068) ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು, ಆರನೆಯ ವಿಕ್ರಮಾದಿತ್ಯನು (1076-1126) ಇಲ್ಲಿಂದಲೇ ಆಳಿದನು, ಬಳಿಕ ಕಳಚುರ್ಯ ಬಿಜ್ಜಳನ ಕಾಲದಲ್ಲಿ ಬಸವಣ್ಣನವರ ವಾಣಿಯು ಇಲ್ಲಿ ಮೊಳಗಿತು. ಆದಕಾರಣ ಇಲ್ಲಿಯ ಕೋಟೆಯನ್ನು ನೋಡಬಂದವರು ಚಾಲುಕ್ಯರ ಅರಮನೆಯನ್ನೇ ಕಾಣುವೆವೆಂದು ನಿರೀಕ್ಷಿಸುವುದು ಸಹಜ. ಈ ನಿರೀಕ್ಷೆಯು ಎಷ್ಟರ ಮಟ್ಟಿಗೆ ಸಾಧುವೆಂಬುದನ್ನು ವಿಚಾರಿಸತಕ್ಕದ್ದು.

ಕೋಟೆಯ ಮೂಲವು ಚಾಲುಕ್ಯರದೆಂದು ಹೇಳುವ ವಾಡಿಕೆಯುಂಟು. ಆದರೆ ಈಗ ಕಣ್ಣಿಗೆ ಬೀಳುವ ಸುತ್ತುಗೋಡೆಗಳು, ತಿರುವಿನ ಹೆಬ್ಬಾಗಿಲುಗಳು, ಫಿರಂಗಿಗಳನ್ನು ಹೊತ್ತ ಕೊತ್ತಳಗಳು ಬಹುಮಟ್ಟಿಗೆ ಮದ್ದುಗುಂಡಿನ ಯುದ್ಧವನ್ನು ಬಲ್ಲ ಕಾಲದವು. ಬಹಮನಿ ಸುಲ್ತಾನರ ತರುವಾಯ ಬೀದರ, ವಿಜಾಪುರಗಳ ಅರಸರು ಇದಕ್ಕಾಗಿ ಹೋರಾಡಿದರು. 1657ರಲ್ಲಿ ಔರಂಗಜೇಬನು ಇದನ್ನು ಗೆದ್ದನು. ನಿಜಾಮರ ಆಳಿಕೆಯಲ್ಲಿ, 1948ರ ವರೆಗೆ, ಇದು ನವಾಬರ ಜಹಗೀರಾಗಿತ್ತು. ಕೋಟೆಯೊಳಗಣ ಪಾರಸಿ ಶಾಸನಗಳೂ ಈ ಪರಂಪರೆಗೆ ಸಾಕ್ಷಿ. ಊರಿಗೆ 'ಬಸವಕಲ್ಯಾಣ'ವೆಂಬ ಹೆಸರು ಬಂದುದು 1956ರಲ್ಲಿ.

ಹಾಗಾದರೆ ಚಾಲುಕ್ಯರ ಕುರುಹೆಲ್ಲಿ? ಕೋಟೆಯೊಳಗಣ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿ 10-11ನೆಯ ಶತಮಾನಗಳ ದೇವತಾವಿಗ್ರಹಗಳಿವೆ. ಅವುಗಳಲ್ಲಿ ಜಿನಮೂರ್ತಿಗಳೂ ಇರುವುದು ಗಮನಾರ್ಹ. ಶರಣರ ಕಲ್ಯಾಣವನ್ನು ಮಾತ್ರ ಬಲ್ಲ ವಿದ್ಯಾರ್ಥಿಗೆ ಈ ಸೀಮೆಯಲ್ಲಿ ಜೈನಧರ್ಮವೂ ನೆಲೆಗೊಂಡಿದ್ದಿತೆಂಬುದನ್ನು ಈ ಶಿಲೆಗಳು ಪ್ರತ್ಯಕ್ಷವಾಗಿ ತಿಳಿಸುತ್ತವೆ.

ಆದರೆ ನೆಲೆಯನ್ನು ಬಿಟ್ಟ ಶಿಲೆಯು ಪ್ರಶಸ್ತಿಪದ್ಯವನ್ನು ಕಳೆದುಕೊಂಡ ಓಲೆಗ್ರಂಥದಂತೆ: ಪಾಠವುಂಟು, ಕರ್ತೃವೂ ಕಾಲವೂ ಸಂದಿಗ್ಧ. ಹುಮನಾಬಾದ ತಾಲ್ಲೂಕಿನ ಜಲಸಂಗಿಯನ್ನು ಇದಕ್ಕೆ ಹೋಲಿಸಿ ನೋಡಬೇಕು. ಅಲ್ಲಿಯ ದೇವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕವನ್ನು ಬರೆಯುತ್ತ ನಿಂತಿದ್ದಾಳೆ. ಶಿಲ್ಪ, ಲಿಪಿ, ಗುಡಿ ಮೂರೂ ಒಂದೆಡೆ ಇರುವುದರಿಂದ ಒಂದರ ಸಂದೇಹವನ್ನು ಮತ್ತೊಂದು ಪರಿಹರಿಸುತ್ತದೆ.

ಗ್ರಂಥಗಳೂ ಈ ಕಾರ್ಯಕ್ಕೆ ನೆರವಾಗುತ್ತವೆ. ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯೆಯನ್ನು ರಚಿಸಿದ ವಿಜ್ಞಾನೇಶ್ವರನು ಅದರ ಅಂತ್ಯದಲ್ಲಿ ಕಲ್ಯಾಣವನ್ನೂ ಅದರ ಅರಸನನ್ನೂ ಕೊಂಡಾಡಿದ್ದಾನೆ. ಬಿಲ್ಹಣನು 'ವಿಕ್ರಮಾಂಕದೇವಚರಿತ'ವನ್ನು ಆ ಅರಸನ ಆಶ್ರಯದಲ್ಲಿಯೇ ಬರೆದನು. ಆದರೂ ಕವಿಯ ವರ್ಣನೆಯನ್ನು ಈಗಿನ ಗೋಡೆಗಳ ಮೇಲೆ ಆರೋಪಿಸುವುದು ಯುಕ್ತವಲ್ಲ.

ಆದುದರಿಂದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಇಲ್ಲಿಗೆ ಕರೆತಂದಾಗ ಗೋಡೆಯನ್ನು ಸುಲ್ತಾನರ ಕಾಲದೊಡನೆಯೂ ವಿಗ್ರಹವನ್ನು ಚಾಲುಕ್ಯಕಾಲದೊಡನೆಯೂ ಬೇರ್ಪಡಿಸಿ ಓದಿಸುವುದು ಉಚಿತ. ಹೊಲದಲ್ಲಿಯೋ ಹಾಳುಗುಡಿಯಲ್ಲಿಯೋ ಹೊಸ ಶಿಲೆ ದೊರೆತರೆ, ಅದನ್ನು ಕದಲಿಸುವ ಮೊದಲೇ ಸ್ಥಳ, ದಿಕ್ಕು, ಸಮೀಪದ ಅವಶೇಷಗಳನ್ನು ಬರೆದಿಡಬೇಕು. ಶಿಲೆಯನ್ನು ಆಮೇಲೂ ರಕ್ಷಿಸಬಹುದು. ತಪ್ಪಿಹೋದ ಸ್ಥಳವನ್ನು ಮತ್ತೆ ತರಲಾಗದು.