ಮೂರಕ್ಷರ, 645 ಅರ್ಥ

ಇಂಗ್ಲಿಷಿನ ‘ರನ್’ ಎಂಬ ಕ್ರಿಯಾಪದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಗುರುತಿಸಿರುವ ಅರ್ಥಗಳು ಒಟ್ಟು 645. ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ, ಒಂದನೇ ತರಗತಿಯ ಮಗುವಿಗೂ ಗೊತ್ತಿರುವ ಪದ. ಆದರೆ ದಿನಕ್ಕೊಂದು ಅರ್ಥದಂತೆ ಕಲಿಯಹೊರಟರೆ ಒಂದು ವರ್ಷ ಒಂಬತ್ತು ತಿಂಗಳು ಕಳೆದರೂ ಪಾಠ ಮುಗಿಯುವುದಿಲ್ಲ!

ಈ ಲೆಕ್ಕದಲ್ಲಿ ನಾಮಪದ ಸೇರಿಲ್ಲ. ರಾಹುಲ್ ದ್ರಾವಿಡ್ ಟೆಸ್ಟ್ ಕ್ರಿಕೆಟ್‌ನಲ್ಲಿ ಪೇರಿಸಿದ 13,288 ರನ್‌ಗಳ ‘ರನ್’ ನಾಮಪದ. ಕನ್ನಡಿಗರ ಬಾಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡುವ ಆ ಅರ್ಥ 645ರ ಹೊರಗಿದೆ.

ಹಾಗಾದರೆ ಒಳಗೇನಿದೆ? ಮನುಷ್ಯ ಓಡುವುದು ಸರಿ. ನದಿ ಹರಿಯುವುದೂ ‘ರನ್’, ಮೂಗು ಸೋರುವುದೂ ‘ರನ್’. ಒಗೆದ ಬಟ್ಟೆ ಬಣ್ಣ ಬಿಡುತ್ತದೆ, ರಸ್ತೆ ಊರ ನಡುವೆ ಹಾದುಹೋಗುತ್ತದೆ, ಕರಾರು ಮೂರು ವರ್ಷ ಜಾರಿಯಲ್ಲಿರುತ್ತದೆ, ಪತ್ರಿಕೆ ಲೇಖನ ಪ್ರಕಟಿಸುತ್ತದೆ, ಕಳ್ಳಸಾಗಣೆದಾರ ಬಂದೂಕು ದಾಟಿಸುತ್ತಾನೆ, ಒಬ್ಬಾಕೆ ಹೋಟೆಲು ನಡೆಸುತ್ತಾಳೆ. ಕನ್ನಡ ಒಂದೊಂದಕ್ಕೂ ಬೇರೆ ಕ್ರಿಯಾಪದ ಹುಡುಕಿಕೊಂಡಿದೆ. ಇಂಗ್ಲಿಷಿನಲ್ಲಿ ಅಷ್ಟೂ ಕೆಲಸ ಒಂದೇ ಪದದ ಹೆಗಲಿಗೆ. ನಮ್ಮಲ್ಲಿ ಚುನಾವಣೆಗೆ ನಿಲ್ಲುತ್ತಾರೆ, ಅಮೆರಿಕದಲ್ಲಿ ಚುನಾವಣೆಗೆ ‘ಓಡುತ್ತಾರೆ’. ಇನ್ನು ‘ರನ್’ ಪಕ್ಕಕ್ಕೆ ಔಟ್, ಅಪ್, ಡೌನ್, ಇಂಟು ಸೇರಿಸಿ ನೋಡಿ: ಸಕ್ಕರೆ ತೀರಿತು, ಸಾಲ ಏರಿತು, ಬ್ಯಾಟರಿ ಇಳಿಯಿತು, ಹಳೆಯ ಗೆಳೆಯ ಎದುರಾದ.

ಇವನ್ನೆಲ್ಲ ಬಿಡಿಸಿ ಜೋಡಿಸಿದವರು ನಿಘಂಟುಕಾರ ಪೀಟರ್ ಗಿಲಿವರ್. ಇದೊಂದೇ ಪದಕ್ಕೆ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ರಜೆಯಿಲ್ಲದೆ ದುಡಿದರೆಂದೇ ಇಟ್ಟುಕೊಂಡರೂ ದಿನಕ್ಕೆ ಎರಡೂವರೆ ಅರ್ಥವೂ ಮುಗಿದಿಲ್ಲ. ಕಾರಣವಿದೆ. ಈ ನಿಘಂಟಿನಲ್ಲಿ ಯಾವ ಅರ್ಥವನ್ನೂ ಊಹೆಯಿಂದ ಬರೆಯುವಂತಿಲ್ಲ. ಜನ ಆ ಪದವನ್ನು ಹಾಗೆ ಬಳಸಿದ ವಾಕ್ಯಗಳನ್ನು ಕಾಲಾನುಕ್ರಮದಲ್ಲಿ ಮುಂದಿಡಬೇಕು. ಮೊದಲ ಆವೃತ್ತಿಯಲ್ಲಿ ಅಂಥ ಉದ್ಧರಣೆಗಳೇ 18 ಲಕ್ಷ ದಾಟಿದ್ದವು. 1879ರಲ್ಲಿ ಜೇಮ್ಸ್ ಮರ್ರೆ ಸಂಪಾದಕತ್ವ ವಹಿಸಿಕೊಂಡಾಗ ಹತ್ತು ವರ್ಷದಲ್ಲಿ ಮುಗಿಸುವ ಅಂದಾಜಿತ್ತು. ಐದು ವರ್ಷ ಕಳೆದಾಗ ತಲುಪಿದ್ದು ‘ಆ್ಯಂಟ್’ ಪದದವರೆಗೆ, ಅಂದರೆ ಇರುವೆಯವರೆಗೆ ಮಾತ್ರ. ಮರ್ರೆ 1915ರಲ್ಲಿ ತೀರಿಕೊಂಡರು. ನಿಘಂಟು ಪೂರ್ಣಗೊಂಡದ್ದು 1928ರಲ್ಲಿ.

1989ರಲ್ಲಿ 20 ಸಂಪುಟಗಳ ಎರಡನೇ ಆವೃತ್ತಿ ಬಂದಾಗ ಮೊದಲ ಸ್ಥಾನ ‘ಸೆಟ್’ ಎಂಬ ಇನ್ನೊಂದು ಮೂರಕ್ಷರದ ಪದದ್ದಾಗಿತ್ತು: 430 ಅರ್ಥ, 60,000 ಪದಗಳ ವಿವರಣೆ. ಒಂದು ಪದದ ವಿವರಣೆಯೇ ಒಂದು ಕಾದಂಬರಿಯಷ್ಟು! ಮೂರನೇ ಆವೃತ್ತಿಗಾಗಿ ನಡೆದ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು.

ಈ ಬೆಳವಣಿಗೆಯ ಹಿಂದೆ ಯಂತ್ರಗಳ ದೊಡ್ಡ ಪಾಲಿದೆ. ‘ಸೆಟ್’ ಎಂದರೆ ಮೂಲತಃ ಇಡುವುದು, ಕೂರಿಸುವುದು. ಕೈಗಾರಿಕಾ ಕ್ರಾಂತಿಯ ಹೊಸ ವಸ್ತುಗಳೆಲ್ಲ ಚಲಿಸುವಂಥವು. ಗಿರಣಿಯ ಯಂತ್ರ, ರೈಲು, ಮೋಟಾರು ಒಂದೊಂದಾಗಿ ಬಂದಂತೆ ಇಂಗ್ಲಿಷ್ ಜನ ಅವಕ್ಕೆಲ್ಲ ‘ರನ್’ ಎಂದರು. ಕಂಪ್ಯೂಟರ್ ಬಂದ ಮೇಲೆ ಕದಲದೆ ಕುಳಿತ ಪೆಟ್ಟಿಗೆಯೊಳಗೆ ಪ್ರೋಗ್ರಾಮೂ ‘ರನ್’ ಆಗತೊಡಗಿತು.

ಈ ಅರ್ಥಗಳನ್ನು ಯಾವ ಪಂಡಿತರ ಸಭೆಯೂ ಠರಾವು ಮಾಡಿ ಸೇರಿಸಲಿಲ್ಲ. ಕಂಡ ಹೊಸದಕ್ಕೆ ಕೈಗೆ ಸಿಕ್ಕ ಹಳೆಯ ಪದವನ್ನೇ ತೊಡಿಸಿದವರು ಗಿರಣಿಯವರು, ನಾವಿಕರು, ಅಡುಗೆಯವರು, ವರದಿಗಾರರು. ನಿಘಂಟುಕಾರರು ಎಣಿಸಿದ್ದು ಅವರ ನೂರಾರು ವರ್ಷಗಳ ಮಾತನ್ನು. ಜನ ಹೊಸ ಕೆಲಸಗಳನ್ನು ಕಂಡುಕೊಳ್ಳುತ್ತಿರುವಷ್ಟು ಕಾಲ 645 ಎಂಬುದು ಸದ್ಯದ ಎಣಿಕೆ ಮಾತ್ರ.