ಎರಡನೆಯ ಗುಂಡಿನ ಪ್ರಶ್ನೆ: ತೋಪಿನ ಮದ್ದಿನಿಂದ ರೈಫಲಿನ ಅನಿಲ ನಿಯಂತ್ರಕದವರೆಗೆ

ಯುದ್ಧಗಳ ಇತಿಹಾಸವನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಅರಸರ ಹೆಸರು, ಸೈನ್ಯಗಳ ಸಂಖ್ಯೆ, ಸೋಲುಗೆಲವುಗಳ ಪರಿಣಾಮ ಇವುಗಳನ್ನು ನಿರೂಪಿಸಿ ಮುಂದೆ ಸಾಗುತ್ತೇವೆ. ಆಯುಧವು ಹೇಗೆ ಕೆಲಸ ಮಾಡಿತೆಂಬುದನ್ನು ಮಾತ್ರ ಯಂತ್ರಶಾಸ್ತ್ರಜ್ಞರಿಗೆ ಬಿಟ್ಟುಬಿಡುತ್ತೇವೆ. ಈ ಹಂಚಿಕೆ ಯುಕ್ತವಾದುದಲ್ಲವೆಂಬುದನ್ನು ಒಂದು ಚಿಕ್ಕ ಯಂತ್ರಭಾಗದ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಅರೆಸ್ವಯಂಚಾಲಿತ ರೈಫಲಿನ ಪಿಸ್ಟನ್ನಿಗೆ ಒದಗುವ ಅನಿಲವನ್ನು ಹೆಚ್ಚುಕಡಿಮೆ ಮಾಡುವ ನಿಯಂತ್ರಕವೇ ಆ ಭಾಗ. ನೋಡಲು ಅದು ಬೆರಳಿನಷ್ಟೇ ಇದ್ದರೂ, ಅದು ಉತ್ತರಿಸುವ ಪ್ರಶ್ನೆ ಶತಮಾನಗಳಷ್ಟು ಹಳೆಯದು: ಮೊದಲನೆಯ ಗುಂಡು ಹಾರಿದ ಮೇಲೆ ಎರಡನೆಯದು ಎಷ್ಟು ಬೇಗ, ಎಷ್ಟು ನಿಶ್ಚಿತವಾಗಿ ಸಿದ್ಧವಾಗುತ್ತದೆ?

ಈ ಪ್ರಶ್ನೆಯನ್ನು ಕೇಳಲು ನಮ್ಮ ಭೀಮಾತೀರಕ್ಕಿಂತ ಉಚಿತವಾದ ಸ್ಥಳ ವಿರಳ. ಶ್ರೀ ಭಾಗ್ಯವಂತಿ ದೇವಿಯ ಕ್ಷೇತ್ರವಾದ ಘತ್ತರಗಿಯು ಅಫಜಲಪುರ ತಾಲ್ಲೂಕಿನಲ್ಲಿ ಭೀಮಾನದಿಯ ದಡದಲ್ಲಿದೆ. ನದಿಯ ಉತ್ತರಕ್ಕೆ ಬಹಮನಿಯರ ಕಲಬುರಗಿ ಕೋಟೆ. ದಕ್ಷಿಣಕ್ಕೆ, ಪಶ್ಚಿಮದ ಕಡೆ, ಆದಿಲಶಾಹಿಗಳ ವಿಜಯಪುರ. ಎರಡು ಕೋಟೆಗಳಲ್ಲಿಯೂ ದಖ್ಖನಿನ ಬೃಹತ್ ತೋಪುಗಳು ಇಂದಿಗೂ ಇವೆ. ಅಫಜಲಪುರ, ಆಳಂದ, ಜೇವರ್ಗಿಗಳ ವಿದ್ಯಾರ್ಥಿಗಳು ಇವನ್ನು ಕಣ್ಣಾರೆ ಕಂಡು ಅಳೆಯಬಹುದು. ಆದುದರಿಂದ ನಮ್ಮ ವಿವೇಚನೆಯನ್ನು ಇಲ್ಲಿಂದಲೇ ಆರಂಭಿಸಿ ಅನಂತರ ರೈಫಲಿನ ಕಡೆಗೆ ಬರುತ್ತೇವೆ.

ಮೊದಲು ಮದ್ದಿನ ವಿಚಾರ. ಹಳೆಯ ಕರಿಮದ್ದಿನಲ್ಲಿ ಸಾಮಾನ್ಯವಾಗಿ ನೂರರಲ್ಲಿ ೭೫ ಪಾಲು ಪೆಟ್ಲುಪ್ಪು, ೧೫ ಪಾಲು ಇದ್ದಲು, ೧೦ ಪಾಲು ಗಂಧಕವಿರುತ್ತದೆ. ಅದು ಉರಿದಾಗ ಹುಟ್ಟುವ ಬಿಸಿ ಅನಿಲವು ಒಮ್ಮೆಲೇ ಹಿಗ್ಗಿ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಆದರೆ ಮದ್ದಿನ ತೂಕದಲ್ಲಿ ಅರ್ಧಕ್ಕಿಂತಲೂ ಹೆಚ್ಚಿನ ಭಾಗ ಅನಿಲವಾಗುವುದೇ ಇಲ್ಲ. ಅದು ಹೊಗೆಯಾಗಿ ಹೊರಬೀಳುತ್ತದೆ ಅಥವಾ ಕಿಟ್ಟವಾಗಿ ನಳಿಕೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಈ ಎರಡು ಸಂಗತಿಗಳನ್ನು, ಎಂದರೆ ಅನಿಲದ ಬಲವನ್ನೂ ಕಿಟ್ಟದ ಕಾಟವನ್ನೂ, ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಎಲ್ಲ ಬೆಳವಣಿಗೆಗೆ ಇವೇ ಕಾರಣಗಳು.

ಕಲಬುರಗಿ ಕೋಟೆಯ ಬಾರಾ ಗಜಿ ತೋಪು ಸುಮಾರು ೨೯ ಅಡಿ ಉದ್ದವಾಗಿದೆ. ವಿಜಯಪುರದ ಉಪ್ಪಲಿ ಬುರುಜಿನ ಮೇಲಿರುವ ಲಂಬಛರಿ ಎಂಬ ತೋಪು ೩೦ ಅಡಿಗೂ ಮಿಕ್ಕಿದೆ. ಅದರ ಬಾಯಿಯ ಒಳವ್ಯಾಸ ಸುಮಾರು ಒಂದು ಅಡಿ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾಯಿಸಿದ ಬಳೆಗಳನ್ನು ತೊಡಿಸಿ ಬಿಗಿದು ಇದನ್ನು ರಚಿಸಿದ್ದಾರೆ. ಇದಕ್ಕೆ ತೀರ ಭಿನ್ನವಾದುದು ಮಲಿಕ್-ಎ-ಮೈದಾನ್. ೧೫೪೯ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ತುರ್ಕ ಶಿಲ್ಪಿಯು ಕಂಚಿನಲ್ಲಿ ಎರಕ ಹೊಯ್ದ ಈ ತೋಪಿನ ಉದ್ದ ಸುಮಾರು ೧೪ ಅಡಿ, ಬಾಯಿಯ ಒಳವ್ಯಾಸ ಸುಮಾರು ೨ ಅಡಿ ೪ ಅಂಗುಲ, ತೂಕ ಸುಮಾರು ೫೫ ಟನ್. ೧೬೩೨ರಲ್ಲಿ ಇದನ್ನು ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ತರಲಾಯಿತು. ಪರಾಂಡಾ ಭೀಮಾನದಿಯ ಆಚೆಗೂ ವಿಜಯಪುರ ಈಚೆಗೂ ಇರುವುದರಿಂದ ಅಷ್ಟು ತೂಕದ ಕಂಚನ್ನು ಈ ನದಿಯನ್ನು ದಾಟಿಸಿಯೇ ತಂದಿರಬೇಕು.

ಈ ಅಳತೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡೋಣ. ಲಂಬಛರಿಯ ಉದ್ದ ಅದರ ಬಾಯಿಯ ವ್ಯಾಸದ ಮೂವತ್ತು ಪಟ್ಟು. ಮಲಿಕ್-ಎ-ಮೈದಾನಿನದು ಕೇವಲ ಆರು ಪಟ್ಟು. ನೀಳವಾದ ನಳಿಕೆಯಲ್ಲಿ ಅನಿಲವು ಗುಂಡನ್ನು ಹೆಚ್ಚು ದೂರ ತಳ್ಳುತ್ತ ಹೋಗುತ್ತದೆ; ಮೊಟಕಾದ, ಅಗಲವಾದ ನಳಿಕೆಯಲ್ಲಿ ಭಾರವಾದುದನ್ನು ಒಂದೇ ಪೆಟ್ಟಿಗೆ ಎಸೆಯುತ್ತದೆ. ಎಂದ ಮೇಲೆ ಅನಿಲದ ಉಪಯೋಗವನ್ನು ಕುರಿತು ಆ ಕಾಲದ ಕರ್ಮಿಗಳಿಗೆ ಎರಡು ಬೇರೆ ಬೇರೆ ಕಲ್ಪನೆಗಳಿದ್ದುವೆಂಬುದು ಸ್ಪಷ್ಟ. ಆದರೆ ತೋಪು ಒಮ್ಮೆ ಸಿದ್ಧವಾದ ಮೇಲೆ ಅನಿಲವನ್ನು ಹೊಂದಿಸಲು ಗೋಲಂದಾಜನಿಗೆ ಇದ್ದ ಮುಖ್ಯ ಸಾಧನವೆಂದರೆ ಮದ್ದಿನ ಅಳತೆಯೇ. ಗುಂಡಿಗೂ ನಳಿಕೆಗೂ ನಡುವಿನ ಸಂದಿನಿಂದ ಎಷ್ಟೋ ಅನಿಲ ವ್ಯರ್ಥವಾಗಿ ಸೋರಿಹೋಗುತ್ತಿತ್ತು. ಆ ಸಂದನ್ನು ಮುಚ್ಚುವಂತೆಯೂ ಇರಲಿಲ್ಲ. ಕಿಟ್ಟ ಕಟ್ಟಿದ ನಳಿಕೆಯೊಳಗೆ ಬಿಗಿಯಾದ ಗುಂಡು ಇಳಿಯುವುದೇ ಇಲ್ಲ.

ಇಂತಹ ತೋಪಿನ ಎರಡನೆಯ ಗುಂಡು ಎಷ್ಟು ತಡವಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ನಳಿಕೆಯನ್ನು ಒರೆಸಿ, ಉಳಿದ ಕಿಡಿಯನ್ನು ನಂದಿಸಿ, ಮದ್ದು ತುಂಬಿ, ಗಿಡಿದು, ಗುಂಡಿಳಿಸಿ, ಕಿರುರಂಧ್ರದಲ್ಲಿ ಮದ್ದಿಟ್ಟು ಬತ್ತಿ ಮುಟ್ಟಿಸಬೇಕು. ಇದರ ಫಲವನ್ನು ೧೫೨೦ರ ರಾಯಚೂರು ಯುದ್ಧದಲ್ಲಿ ಕಾಣುತ್ತೇವೆ. ಪೋರ್ಚುಗೀಸ್ ವರ್ತಕ ನ್ಯೂನಿಜನ ವೃತ್ತಾಂತದಂತೆ, ಇಸ್ಮಾಯಿಲ್ ಆದಿಲಶಹನು ತನ್ನ ತೋಪುಗಳನ್ನೆಲ್ಲ ಒಟ್ಟಿಗೆ ಹಾರಿಸಿದಾಗ ಕೃಷ್ಣದೇವರಾಯನ ಮುಂಚೂಣಿ ಚದರಿಹೋಯಿತು. ಆದರೆ ರಾಯನು ಹಿಂದಿನ ದಳವನ್ನು ಕೂಡಿಕೊಂಡು ಮುನ್ನುಗ್ಗಿ ಗೆದ್ದನು. ವಶವಾದ ದೊಡ್ಡ ತೋಪುಗಳನ್ನು ನ್ಯೂನಿಜನು ೪೦೦ ಎಂದು ಹೇಳುತ್ತಾನೆ. ಈ ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ ಘಟನೆಯ ಅರ್ಥ ಮರೆಯಾಗುವುದಿಲ್ಲ. ಆದಿಲಶಹನ ಬಳಿ ಮೊದಲನೆಯ ಗುಂಡು ಇತ್ತು. ಎರಡನೆಯದು ಸಕಾಲದಲ್ಲಿ ಇರಲಿಲ್ಲ.

ಮುಂದೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಈ ಪ್ರಶ್ನೆಗೆ ಪೂರ್ಣ ಪರಿಹಾರ ದೊರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗುಂಡು, ಮದ್ದು, ಕಿಡಿ ಮೂರನ್ನೂ ಒಂದೇ ಲೋಹದ ಕೋಶದಲ್ಲಿ ಅಡಕಮಾಡಿದ ತೋಟಾ ಬಳಕೆಗೆ ಬಂದಿತು. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬ ರಸಾಯನಜ್ಞನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಈ ಮದ್ದು ಬಹುತೇಕ ಪೂರ್ತಿಯಾಗಿ ಅನಿಲವೇ ಆಗುವುದರಿಂದ ಕಿಟ್ಟದ ಕಾಟ ತಗ್ಗಿತು. ಆಗ ಒಂದು ಹೊಸ ಆಲೋಚನೆ ಕಾರ್ಯಸಾಧ್ಯವಾಯಿತು: ಗುಂಡನ್ನು ತಳ್ಳಿದ ಅನಿಲದಲ್ಲಿಯೇ ಅಲ್ಪಾಂಶವನ್ನು ತೆಗೆದು, ಮುಂದಿನ ತೋಟಾ ತುಂಬುವ ಕೆಲಸಕ್ಕೆ ಹಚ್ಚಿದರೆ ಹೇಗೆ? ಅಮೆರಿಕದ ಜಾನ್ ಬ್ರೌನಿಂಗ್ ೧೮೮೯ರ ಸುಮಾರಿಗೆ ಈ ದಿಕ್ಕಿನಲ್ಲಿ ಪ್ರಯೋಗ ನಡೆಸಿದನು. ೧೯೦೮ರಲ್ಲಿ ಮೆಕ್ಸಿಕೊ ಮೊಂದ್ರಾಗೊನ್ ರೈಫಲನ್ನೂ ೧೯೩೬ರಲ್ಲಿ ಅಮೆರಿಕ ಗ್ಯಾರಂಡ್ ರೈಫಲನ್ನೂ ಸೈನ್ಯಕ್ಕೆ ಅಂಗೀಕರಿಸಿದುವು.

ಈ ಯಂತ್ರದ ಕ್ರಮ ಹೀಗಿದೆ. ನಳಿಕೆಯ ಪಾರ್ಶ್ವದಲ್ಲಿ ಒಂದು ಕಿರುರಂಧ್ರವಿರುತ್ತದೆ. ಗುಂಡು ಅದನ್ನು ದಾಟಿದೊಡನೆ, ಹಿಂದಿನಿಂದ ಒತ್ತುತ್ತಿರುವ ಅನಿಲದ ಸ್ವಲ್ಪಾಂಶ ರಂಧ್ರದ ಮೂಲಕ ಪಕ್ಕದ ಕೊಳವೆಯನ್ನು ಸೇರಿ ಅಲ್ಲಿರುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ನು ಬೋಲ್ಟನ್ನು ಹೊತ್ತ ಭಾಗಕ್ಕೆ ಬಡಿಯುತ್ತದೆ. ಬೋಲ್ಟು ಅಗುಳಿಯಂತೆ ಬಿಡಿಸಿಕೊಂಡು ಹಿಂದೆ ಸರಿಯುತ್ತ ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಬಳಿಕ ಒತ್ತಿಹೋಗಿದ್ದ ಸುರುಳಿ ಬೋಲ್ಟನ್ನು ಮುಂದಕ್ಕೆ ನೂಕಿ ಹೊಸ ತೋಟಾವನ್ನು ಒಳಸೇರಿಸುತ್ತದೆ. ಕುದುರೆಯನ್ನು ಪ್ರತಿ ಸಾರಿಯೂ ಎಳೆಯಬೇಕಾಗುವುದರಿಂದ ಇದು ಅರೆಸ್ವಯಂಚಾಲಿತವೆನಿಸುತ್ತದೆ. ಗುಂಡು ನಳಿಕೆಯೊಳಗಿರುವ ಅವಧಿಯೇ ಸುಮಾರು ಒಂದು ಸೆಕೆಂಡಿನ ಸಾವಿರದ ಒಂದಂಶ. ಅದರಲ್ಲಿಯೂ ರಂಧ್ರವನ್ನು ದಾಟಿ ನಳಿಕೆಯನ್ನು ಬಿಡುವಷ್ಟರ ಕಾಲ ಇನ್ನೂ ಅಲ್ಪ. ಅಷ್ಟರಲ್ಲಿ ಬೇಕಾದ ಅನಿಲವನ್ನು ಪಡೆಯಬೇಕು, ಬೇಡವಾದುದನ್ನು ಬಿಡಬೇಕು.

ನಿಯಂತ್ರಕದ ಅಗತ್ಯ ಇಲ್ಲಿಯೇ ಹುಟ್ಟುವುದು. ಅನಿಲ ಕಡಿಮೆಯಾದರೆ ಬೋಲ್ಟು ಪೂರ್ತಿ ಹಿಂದೆ ಸರಿಯದೆ ತೋಟಾ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಬೋಲ್ಟು ಅತಿವೇಗದಿಂದ ಬಡಿದು ಭಾಗಗಳು ಸವೆಯುತ್ತವೆ, ಹೆಗಲಿಗೆ ಒದೆತ ಹೆಚ್ಚುತ್ತದೆ, ಗುರಿ ತಪ್ಪುತ್ತದೆ. ಮದ್ದಿನ ಬಗೆ, ಹವೆಯ ಶೀತೋಷ್ಣ, ಒಳಸೇರಿದ ಧೂಳು ಇವೆಲ್ಲ ಈ ಸಮತೋಲವನ್ನು ಕದಲಿಸುತ್ತವೆ. ಇದಕ್ಕೆ ಎರಡು ಉಪಾಯಗಳು ಬಳಕೆಗೆ ಬಂದುವು. ಒಂದು, ಅನಿಲ ಒಳಬರುವ ದಾರಿಯನ್ನೇ ಹಿಗ್ಗಿಸುವುದು ಅಥವಾ ಕುಗ್ಗಿಸುವುದು. ಐದು ಸ್ಥಾನಗಳ ನಿಯಂತ್ರಕವಿದ್ದ ಸೋವಿಯೆತ್ ದೇಶದ ತೋಕರೆವ್ ರೈಫಲು ಇದಕ್ಕೆ ನಿದರ್ಶನ. ಇನ್ನೊಂದು, ಧಾರಾಳವಾಗಿ ಒಳಬಿಟ್ಟು ಮಿಕ್ಕುದನ್ನು ಹೊರಹರಿಸುವುದು. ಕೆರೆಯ ಕೋಡಿಯಂತಹ ಈ ಏರ್ಪಾಡನ್ನು ಬೆಲ್ಜಿಯಮ್ಮಿನಲ್ಲಿ ದಿಯುದೊನೆ ಸೆವ್ ರಚಿಸಿದ ಎಫ್.ಎ.ಎಲ್. ರೈಫಲಿನಲ್ಲಿ ಕಾಣಬಹುದು. ಅದರಲ್ಲಿ ಒಂದು ಬಳೆಯನ್ನು ತಿರುಗಿಸಿದರೆ ಹೊರದಾರಿ ಹಿರಿದಾಗುತ್ತದೆ ಅಥವಾ ಕಿರಿದಾಗುತ್ತದೆ. ನಳಿಕೆಯ ತುದಿಯಿಂದ ಗ್ರೆನೇಡನ್ನು ಹಾರಿಸುವಾಗ ಪಿಸ್ಟನ್ನಿನ ದಾರಿಯನ್ನು ಮುಚ್ಚಿಬಿಡುವ ಅನುಕೂಲವೂ ಅದಕ್ಕಿದೆ.

ನಮ್ಮ ದೇಶದ ಸೈನಿಕನ ಕೈಗೆ ಬಂದುದು ಈ ಎರಡನೆಯ ಬಗೆಯೇ. ೧೯೬೨ರ ಯುದ್ಧದಲ್ಲಿ ನಮ್ಮ ಪದಾತಿಗಳು ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆಯಬೇಕಾದ ೩೦೩ ರೈಫಲುಗಳನ್ನು ಹಿಡಿದಿದ್ದರು. ಎದುರಾಳಿಯ ಬಳಿ ಅನಿಲಚಾಲಿತ ರೈಫಲುಗಳಿದ್ದುವು. ರಾಯಚೂರಿನ ಪ್ರಶ್ನೆಯೇ ಹಿಮಾಲಯದಲ್ಲಿ ಮತ್ತೆ ಎದುರಾಯಿತೆನ್ನಬಹುದು. ಆ ಸೋಲಿಗೆ ಆಯುಧವೊಂದೇ ಕಾರಣವಲ್ಲ. ಆದರೆ ಅದು ಒಂದು ಪಾಠವಾಯಿತು. ಅನಂತರದ ವರ್ಷಗಳಲ್ಲಿ ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯಲ್ಲಿ, ಎಫ್.ಎ.ಎಲ್. ಮಾದರಿಯನ್ನು ಆಧರಿಸಿದ ೭.೬೨ ಮಿಲಿಮೀಟರಿನ ೧ಎ೧ ರೈಫಲು ಸಿದ್ಧವಾಯಿತು. ಎಸ್.ಎಲ್.ಆರ್. ಎಂದೇ ಮನೆಮಾತಾದ ಇದು ೧೯೭೧ರ ಯುದ್ಧದಲ್ಲಿ ನಮ್ಮ ಪದಾತಿಯ ಮುಖ್ಯ ಆಯುಧಗಳಲ್ಲಿ ಒಂದಾಗಿತ್ತು.

ಎಲ್ಲ ರೈಫಲುಗಳಿಗೂ ನಿಯಂತ್ರಕ ಬೇಕೇ ಬೇಕೆಂದು ಇದರಿಂದ ತಿಳಿಯಬಾರದು. ಕಲಾಶ್ನಿಕೊವ್ ತನ್ನ ರೈಫಲಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಅನಿಲವನ್ನು ಪಿಸ್ಟನ್ನಿಗೆ ಕೊಟ್ಟು, ಕೊಳೆಯಲ್ಲಿಯೂ ನಡೆಯುವಂತೆ ಮಾಡಿದನು. ಅದರ ಬೆಲೆಯನ್ನು ಹೆಚ್ಚಿನ ಒದೆತದ ರೂಪದಲ್ಲಿ ತೆತ್ತನು. ಇದಕ್ಕೆ ವಿರುದ್ಧವಾದ ಎಚ್ಚರಿಕೆಯ ಕಥೆ ಅಮೆರಿಕದ ಎಂ-೧೬ ರೈಫಲಿನದು. ೧೯೬೪ರಲ್ಲಿ ಅದರ ತೋಟಾಗಳ ಮದ್ದನ್ನು ಬದಲಾಯಿಸಿದರು; ಯಂತ್ರವನ್ನು ಅದಕ್ಕೆ ಸರಿಯಾಗಿ ಹೊಂದಿಸಲಿಲ್ಲ. ಹೊಸ ಮದ್ದಿನಿಂದ ಯಂತ್ರದ ವೇಗವೂ ಕಿಟ್ಟವೂ ಹೆಚ್ಚಿ, ವಿಯೆಟ್ನಾಮಿನ ಕಾಡುಗಳಲ್ಲಿ ರೈಫಲುಗಳು ಸಿಕ್ಕಿಕೊಂಡುವು. ಸೈನಿಕರು ಪ್ರಾಣ ತೆತ್ತರು. ೧೯೬೭ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ಈ ಬಗ್ಗೆ ವಿಚಾರಣೆ ನಡೆಸಿ ಮದ್ದಿನ ಬದಲಾವಣೆಯನ್ನು ಕಟುವಾಗಿ ಖಂಡಿಸಿತು.

ಈ ಉದಾಹರಣೆಯಿಂದ ನಿಯಂತ್ರಕವನ್ನು ಅಳವಡಿಸುವ ಕೆಲಸದ ನಿಜವಾದ ಸ್ವರೂಪ ವ್ಯಕ್ತವಾಗುತ್ತದೆ. ಅದು ಒಂದು ಬಿಡಿಭಾಗವನ್ನು ತೆಗೆದು ಇನ್ನೊಂದನ್ನಿಡುವ ಕೆಲಸವಲ್ಲ. ಮದ್ದು, ರಂಧ್ರ, ಪಿಸ್ಟನ್ನು, ಸುರುಳಿ ಈ ನಾಲ್ಕರ ಸಂಬಂಧವನ್ನೇ ಹೊಸದಾಗಿ ನಿಶ್ಚಯಿಸುವ ಕೆಲಸ. ಒಂದನ್ನು ಮುಟ್ಟಿದರೆ ಉಳಿದ ಮೂರನ್ನೂ ಪರೀಕ್ಷಿಸಬೇಕಾಗುತ್ತದೆ. ಆದುದರಿಂದಲೇ ಅದು ಅಳತೆಯ ಉಪಕರಣಗಳೂ ನುರಿತ ಕೈಗಳೂ ಇರುವ ಸೈನ್ಯದ ಆಯುಧಶಾಲೆಗೆ ಸೇರಿದ್ದು. ಇಂತಹ ರೈಫಲುಗಳು ೧೯೫೯ರ ಆಯುಧ ಅಧಿನಿಯಮದ ಕಟ್ಟಳೆಗೆ ಒಳಪಟ್ಟಿದ್ದು, ಸಾಮಾನ್ಯ ನಾಗರಿಕನಿಗೆ ನಿಷಿದ್ಧವೇ ಆಗಿವೆ.

ಇತಿಹಾಸದ ವಿದ್ಯಾರ್ಥಿ ಇದರಿಂದ ಗ್ರಹಿಸಬೇಕಾದುದೇನು? ಆಯುಧದ ಶಕ್ತಿ ಅದರ ಗಾತ್ರದಲ್ಲಿಲ್ಲ, ಅನಿಲವನ್ನು ಅಳೆದು ಬಳಸುವುದರಲ್ಲಿದೆ; ಆ ಅಳತೆಯನ್ನು ಕಾಪಾಡಲು ಒಂದೇ ಗುಣದ ಮದ್ದನ್ನೂ ಒಂದೇ ಅಳತೆಯ ಭಾಗಗಳನ್ನೂ ಒದಗಿಸಬಲ್ಲ ರಾಜ್ಯವ್ಯವಸ್ಥೆ ಬೇಕು. ದಖ್ಖನಿನ ತೋಪುಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದರ ಗುಂಡು ಇನ್ನೊಂದಕ್ಕೆ ಹೊಂದದು. ಯಾವುದಕ್ಕೆ ಎಷ್ಟು ಮದ್ದೆಂಬುದು ಗೋಲಂದಾಜನ ಅನುಭವದಲ್ಲಿತ್ತು, ಅವನೊಡನೆಯೇ ಹೋಯಿತು. ನಮ್ಮ ಕರ್ಮಿಗಳಿಗೆ ಕೌಶಲ ಕಡಿಮೆಯಿತ್ತೆಂದು ಹೇಳುವವರು ಮಲಿಕ್-ಎ-ಮೈದಾನಿನ ಎರಕವನ್ನೊಮ್ಮೆ ನೋಡಬೇಕು. ಕಡಿಮೆಯಾಗಿದ್ದುದು ಕೌಶಲವಲ್ಲ, ಕೌಶಲವನ್ನು ಅಳತೆಯಾಗಿ ಬರೆದಿಡುವ ಪದ್ಧತಿ.

ಆ ಕೊರತೆಯನ್ನು ಈಗಲೂ ಒಂದಿಷ್ಟು ತುಂಬಬಹುದು. ೧೮೫೪ರಲ್ಲಿ ಮಲಿಕ್-ಎ-ಮೈದಾನನ್ನೇ ೧೫೦ ರೂಪಾಯಿಗೆ ಹರಾಜು ಹಾಕಿ, ಅನಂತರ ಆ ಮಾರಾಟವನ್ನು ರದ್ದುಗೊಳಿಸಿದರೆಂದು ಹೇಳುತ್ತಾರೆ. ಹೆಸರಾಂತ ತೋಪಿಗೇ ಇಂತಹ ಗತಿ ಒದಗಿತ್ತೆಂದರೆ, ಹಳ್ಳಿಯ ಗಢಿ, ಹುಡೆಗಳಲ್ಲಿ ಅನಾಮಧೇಯವಾಗಿ ಬಿದ್ದಿರಬಹುದಾದ ಸಣ್ಣ ತೋಪುಗಳ ಪಾಡನ್ನು ಹೇಳಬೇಕಾಗಿಲ್ಲ. ಭೀಮಾತೀರದ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಹುಡೆಗಳನ್ನು ಸಂದರ್ಶಿಸಿ, ಅಲ್ಲಿ ತೋಪು ಕಂಡುಬಂದಲ್ಲಿ ಅದರ ಉದ್ದ, ಬಾಯಿಯ ವ್ಯಾಸ, ಗೋಡೆಯ ದಪ್ಪ, ಕಿರುರಂಧ್ರದ ಸ್ಥಾನ, ರಚನೆ ಎರಕದ್ದೋ ಪಟ್ಟಿಯದೋ ಎಂಬ ಐದು ವಿವರಗಳನ್ನು ಗುರುತುಹಾಕಿಕೊಂಡರೆ ಸಾಕು. ಅಂತಹ ಪಟ್ಟಿಯೊಂದು ಸಿದ್ಧವಾದ ದಿನ ದಖ್ಖನಿನ ಯುದ್ಧಗಳನ್ನು ನಾವು ಈಗಿನದಕ್ಕಿಂತ ಖಚಿತವಾಗಿ ಬೋಧಿಸಬಲ್ಲೆವು.