ಆರು ಜನ ಹೊರುವ ಸೇತುವೆ

ಒಂದು ಗೇಣಿಗೆ ಕೊಂಚ ಕಡಿಮೆ ಉದ್ದ, ಎರಡು ಇಂಚಿಗೆ ತುಸು ಕಡಿಮೆ ದಪ್ಪ, ತುದಿ ಮೊನಚು. ಕೈಯಲ್ಲಿ ಹಿಡಿದರೆ ಮೂರು ಕೆ.ಜಿ.ಗೆ ಹತ್ತಿರ ತೂಗುವ ಉಕ್ಕಿನ ಗೂಟ. ಬೈಲಿ ಸೇತುವೆ ಕಟ್ಟುವವರು ಇದನ್ನು ಪಿನ್ನು ಎನ್ನುತ್ತಾರೆ. ಎರಡು ಚೌಕಟ್ಟುಗಳ ಕಿವಿಗಳು ಒಂದರೊಳಗೊಂದು ಕೂತು, ತೂತಿಗೆ ತೂತು ಸರಿಬಂದಾಗ ಸುತ್ತಿಗೆಯಿಂದ ಬಡಿದು ಇದನ್ನು ತೂರಿಸಬೇಕು. ಆಚೆ ತುದಿಯಲ್ಲಿ ಸಣ್ಣ ಕ್ಲಿಪ್ ಸಿಕ್ಕಿಸಲು ಒಂದು ರಂಧ್ರವಿದೆ, ಬಡಿಯುವವನ ಕಣ್ಣಿಗೆ ಅದು ಕಾಣದು. ಅದಕ್ಕೇ ಪಿನ್ನಿನ ತಲೆಯ ಮೇಲೆ ಒಂದು ಗೀರು ಕೊರೆದಿರುತ್ತಾರೆ. ಗೀರು ಯಾವ ದಿಕ್ಕಿಗೋ ರಂಧ್ರವೂ ಅದೇ ದಿಕ್ಕಿಗೆ. ಕತ್ತಲಲ್ಲಿ ಹೆಬ್ಬೆರಳು ಸವರಿದರೂ ತಿಳಿದುಬಿಡುತ್ತದೆ.

2024ರ ಜುಲೈ 31ರ ರಾತ್ರಿ 9 ಗಂಟೆಗೆ ವಯನಾಡಿನ ಚೂರಲ್‌ಮಲದಲ್ಲಿ ಕತ್ತಲೂ ಇತ್ತು, ಮಳೆಯೂ ಇತ್ತು.

ಹಿಂದಿನ ದಿನ ನಸುಕಿನಲ್ಲಿ, ಊರು ನಿದ್ದೆಯಲ್ಲಿದ್ದಾಗ, ಮೇಲಿನ ಗುಡ್ಡ ಬಿರಿದು ಹೊಳೆಗೆ ಇಳಿದಿತ್ತು. ಹತ್ತಿರದ ಕಲ್ಲಾಡಿಯ ಮಳೆಮಾಪಕದಲ್ಲಿ ಒಂದೇ ದಿನಕ್ಕೆ 370 ಮಿ.ಮೀ. ಮೀರಿದ ಲೆಕ್ಕ. ಮಣ್ಣು, ಮರ, ಮನೆಯಷ್ಟು ದೊಡ್ಡ ಬಂಡೆಗಳು ಹೊಳೆಯ ಪಾತ್ರ ಹಿಡಿದು ಸುಮಾರು 8 ಕಿ.ಮೀ. ಹರಿದವು. ಹೊಳೆಯಾಚೆಯ ಮುಂಡಕ್ಕೈ ಊರು ಅರ್ಧ ಅಳಿಸಿಹೋಯಿತು. ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ಕೆಲಸ ಅರಸಿ ಹೋಗಿದ್ದ ನಮ್ಮ ಚಾಮರಾಜನಗರ, ಮಂಡ್ಯ ಕಡೆಯವರೂ ಅವರಲ್ಲಿದ್ದರು. ಚೂರಲ್‌ಮಲದಿಂದ ಮುಂಡಕ್ಕೈಗೆ ಇದ್ದ ಒಂದೇ ಸೇತುವೆಯೂ ಆ ಪ್ರವಾಹದಲ್ಲಿ ಕೊಚ್ಚಿಹೋಯಿತು.

ಸೇತುವೆ ಇಲ್ಲ ಅಂದರೆ ಏನು ಅನ್ನುವುದನ್ನು ಆ ದಿನದ ಟೀವಿ ನೋಡಿದವರು ಬಲ್ಲರು. ಕೆಂಪು ನೀರಿನ ಮೇಲೆ ಹಗ್ಗ. ಹಗ್ಗಕ್ಕೆ ಜೋತು ಒಬ್ಬೊಬ್ಬರೇ ಈಚೆಗೆ ಬರುತ್ತಿದ್ದರು. ಬದುಕಿದವರನ್ನು ಹೀಗೆ ದಾಟಿಸಬಹುದು. ಆದರೆ ಆಚೆ ದಡದಲ್ಲಿ ಚಾವಣಿಯ ಮೇಲೆ ಚಾವಣಿ ಕುಸಿದು ಬಿದ್ದಿದೆ, ಅದರಡಿ ಯಾರಿದ್ದಾರೋ. ಅದನ್ನು ಎತ್ತಲು ಹಿಟಾಚಿ ಬೇಕು. ಹಿಟಾಚಿಯನ್ನು ಹಗ್ಗದಲ್ಲಿ ದಾಟಿಸಲಾದೀತೇ?

ಬೆಂಗಳೂರಿನಿಂದ ಎಂ.ಇ.ಜಿ.ಯವರು ಹೊರಟರು. ಮದ್ರಾಸ್ ಎಂಜಿನಿಯರ್ ಗ್ರೂಪ್. 1780ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಆಮೇಲೆ ನಮ್ಮ ಹಲಸೂರಿನವರೇ ಆಗಿಹೋದ ಪಡೆ. ಸೈನ್ಯದಲ್ಲಿ ಇವರಿಗೆ ‘ತಂಬಿ’ಗಳೆಂಬ ಅಡ್ಡಹೆಸರು. ಕೆರೆಯ ಬದಿಯ ರಸ್ತೆಯಲ್ಲಿ ದಿನಾ ಬಸ್ಸಿನಲ್ಲಿ ಓಡಾಡುವ ನಮಗೆ ಕಾಣುವುದು ಉದ್ದದ ಗೋಡೆ, ಅದರಾಚೆ ದೊಡ್ಡ ಮರಗಳು, ಗೇಟಿನಲ್ಲಿ ನೆಟ್ಟಗೆ ನಿಂತ ಹುಡುಗ ಅಷ್ಟೆ. ಗೋಡೆಯೊಳಗೆ ಹೊಸದಾಗಿ ಸೇರಿದವರಿಗೆ ಸೇತುವೆ ಕಟ್ಟುವುದನ್ನು ಕಲಿಸುತ್ತಾರೆ. ಕಲಿಸುವ ಕ್ರಮವೇ ವಿಚಿತ್ರ: ಕಟ್ಟು, ಬಿಚ್ಚು, ಎಣಿಸಿ ಜೋಡಿಸಿಡು, ಮತ್ತೆ ಕಟ್ಟು. ಹೊಳೆಯೇ ಇಲ್ಲದ ನೆಲದ ಮೇಲೆ ಸೇತುವೆ. ನೋಡಿದವರಿಗೆ ನಗು ಬರಬೇಕು. ಯಾವ ತುಂಡಿನ ಹಿಂದೆ ಯಾವ ತುಂಡು, ಯಾರ ಪಕ್ಕ ಯಾರು ನಿಲ್ಲಬೇಕು ಎಂಬುದು ತಲೆಯಿಂದ ಇಳಿದು ಹೆಗಲಿಗೆ ಅಂಟುವವರೆಗೆ ಬಿಡುವುದಿಲ್ಲ.

ಸಾಮಾನು ದೆಹಲಿಯಿಂದ ವಿಮಾನದಲ್ಲಿ ಕಣ್ಣೂರಿಗೆ ಬಂದು, ಅಲ್ಲಿಂದ ಲಾರಿಗಳಲ್ಲಿ ಬೆಟ್ಟ ಹತ್ತಿತು. ಬೆಂಗಳೂರಿನಿಂದಲೂ ರಸ್ತೆಯಲ್ಲಿ ಬಂತು. ಇಡೀ ಸೇತುವೆಯೊಂದು ಘಾಟಿಯ ತಿರುವುಗಳಲ್ಲಿ ಲಾರಿ ಏರಿ ಬರುವುದು ಹೇಗೆ ಎಂದರೆ, ಅದನ್ನು ರೂಪಿಸಿದವನೇ ಹಾಗೆ ಯೋಚಿಸಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೈಲಿ ಎಂಬ ಬ್ರಿಟಿಷ್ ಎಂಜಿನಿಯರ್ ಹಳೆಯ ಲಕೋಟೆಯ ಹಿಂಬದಿಯಲ್ಲಿ ಇದರ ಚಿತ್ರ ಗೀಚಿದ ಎಂದು ಕತೆ. ಪ್ರತಿ ತುಂಡೂ ಸಾಧಾರಣ ಲಾರಿಯಲ್ಲಿ ಹಿಡಿಸಬೇಕು, ಕ್ರೇನ್ ಇಲ್ಲದೆ ಜನರೇ ಎತ್ತಬೇಕು. ಹತ್ತಡಿ ಉದ್ದ, ಐದಡಿ ಎತ್ತರದ ಒಂದು ಚೌಕಟ್ಟು ಸುಮಾರು 260 ಕೆ.ಜಿ. ಆರು ಜನ ಹೊತ್ತರೆ ತಲೆಗೆ ಒಂದು ಸಿಮೆಂಟ್ ಮೂಟೆಗಿಂತ ಕಡಿಮೆ ಭಾರ. ನಮ್ಮ ಸೈನ್ಯದಲ್ಲಿ ಈಗ ಇದಕ್ಕಿಂತ ಜಾಣ ಸೇತುವೆಗಳಿವೆ. ಡಿ.ಆರ್.ಡಿ.ಓ. ರೂಪಿಸಿದ ‘ಸರ್ವತ್ರ’ ದೊಡ್ಡ ವಾಹನದ ಬೆನ್ನಿನಿಂದ ಕತ್ತರಿಯಂತೆ ತೆರೆದುಕೊಂಡು ತಾನೇ ಹಾಸಿಕೊಳ್ಳುತ್ತದೆ. ಆದರೆ ಕೆಸರಾದ ಬೆಟ್ಟದ ದಾರಿಯಲ್ಲಿ, ತಿರುಗಲು ಜಾಗವಿಲ್ಲದ ದಡದಲ್ಲಿ, ಹೆಗಲ ಮೇಲೆ ಬರುವ ಹಳೆಯದೇ ವಾಸಿ ಅಂತ ನನ್ನ ಲೆಕ್ಕ.

ಕಟ್ಟುವ ಬಗೆಯನ್ನು ಕೊಂಚ ನಿಧಾನವಾಗಿಯೇ ನೋಡಬೇಕು. ಎರಡು ದಡಗಳಿಂದ ಶುರುಮಾಡಿ ನಡುವೆ ಕೂಡಿಸುವ ಕೆಲಸವಲ್ಲ ಇದು. ಇಡೀ ಸೇತುವೆಯನ್ನು ಈಚೆ ದಡದಲ್ಲೇ ರೋಲರುಗಳ ಮೇಲೆ ಜೋಡಿಸುತ್ತ ಮುಂದಕ್ಕೆ ನೂಕುತ್ತಾರೆ. ಅದರ ಮುಂದೆ ಹಾಸಿಲ್ಲದ ಬರೀ ಎಲುಬುಗೂಡಿನ ಒಂದು ‘ಮೂಗು’. ಹಿಂದಿನ ಭಾರ ಹೆಚ್ಚಿರುವ ತನಕ ಮೂಗು ನೀರಿನ ಮೇಲೆ ಗಾಳಿಯಲ್ಲಿ ಚಾಚಿಕೊಂಡೇ ಸಾಗುತ್ತದೆ. ಲೆಕ್ಕ ತಪ್ಪಿದರೆ ಎಲ್ಲವೂ ಮುಗ್ಗರಿಸಿ ಹೊಳೆಗೆ. ತುದಿ ತನ್ನ ಭಾರಕ್ಕೇ ಬಾಗುವುದರಿಂದ ಮೂಗನ್ನು ಮೊದಲೇ ತುಸು ಮೇಲ್ಮುಖ ಮಾಡಿರುತ್ತಾರೆ. ಜಾತ್ರೆಯಲ್ಲಿ ತೇರಿಗೆ ಸನ್ನೆ ಕೊಡುವವರನ್ನು ನೆನೆಸಿಕೊಳ್ಳಿ. ಎಲ್ಲರ ಕಣ್ಣೂ ಕಳಸದ ಮೇಲಿದ್ದಾಗ ಅವರ ಕಣ್ಣು ಮಾತ್ರ ಗಾಲಿಯ ಬುಡದಲ್ಲಿರುತ್ತದೆ. ಇಲ್ಲಿಯೂ ರೋಲರಿನ ಪಕ್ಕ ನಿಂತವನದು ಅದೇ ನೋಟ. ಮೂಗು ಆಚೆ ದಡ ಮುಟ್ಟಿ, ಸೇತುವೆ ಹಿಂದೆಯೇ ದಾಟಿದ ಮೇಲೆ ಮೂಗಿನ ಕೆಲಸ ಮುಗಿಯಿತು, ಬಿಚ್ಚಿಡುತ್ತಾರೆ. ಆಮೇಲೆ ಜ್ಯಾಕ್ ಕೊಟ್ಟು ರೋಲರ್ ತೆಗೆದು, ಸೇತುವೆಯನ್ನು ಅದರ ಪೀಠದ ಮೇಲೆ ಇಳಿಸುವುದು.

ಚೂರಲ್‌ಮಲದಲ್ಲಿ ಉದ್ದ 190 ಅಡಿ. ಅಂದರೆ ಹತ್ತಡಿಯ ಹತ್ತೊಂಬತ್ತು ಅಂಕಣ. ಅಷ್ಟು ದೂರಕ್ಕೆ ಹೊಳೆಯ ನಡುವೆ ಒಂದು ಆಸರೆಯನ್ನೂ ನಿಲ್ಲಿಸಬೇಕಾಯಿತು, ಅದೂ ಬಂಡೆಗಳ ಸಂದಿನಲ್ಲಿ ನೀರು ಏರುತ್ತಿರುವಾಗ. ಪಕ್ಕದಲ್ಲೇ ಕಾಲುಸೇತುವೆಯೊಂದನ್ನೂ ಹಾಕಿದರು. ಫ್ಲಡ್‌ಲೈಟಿನಡಿ ರಾತ್ರಿಯಿಡೀ ಉಕ್ಕಿಗೆ ಉಕ್ಕು ಬಡಿಯುವ ಸದ್ದು.

ತಂಡದಲ್ಲಿ ಮೇಜರ್ ಸೀತಾ ಶೆಲ್ಕೆ ಇದ್ದರು. ಸೇತುವೆಯ ಮೇಲೆ ನಿಂತ ಅವರ ಒಂದು ಫೋಟೊ ದೇಶವೆಲ್ಲ ಓಡಾಡಿತು. ತಾವು ಅಲ್ಲಿರುವುದು ಸೈನಿಕಳಾಗಿ, ಹೆಸರು ಇಡೀ ತಂಡಕ್ಕೆ ಸಲ್ಲಬೇಕು ಎಂಬ ಅರ್ಥದ ಮಾತನ್ನು ಅವರು ಪತ್ರಕರ್ತರಿಗೆ ಹೇಳಿದರು. ಫೋಟೊ ಹಂಚಿದ ಎಷ್ಟು ಮಂದಿ ಆ ಮಾತನ್ನೂ ಹಂಚಿದರೋ. ಆರು ಜನ ಒಟ್ಟಿಗೆ ಎತ್ತದಿದ್ದರೆ ಏಳದ ಸೇತುವೆಯ ಬಗ್ಗೆ ಅದಕ್ಕಿಂತ ಸರಿಯಾದ ಮಾತಿಲ್ಲ.

ಆಗಸ್ಟ್ 1ರ ಸಂಜೆ 5.30ಕ್ಕೆ ಕೆಲಸ ಮುಗಿಯಿತು. 24 ಟನ್ ದರ್ಜೆಯ ಸೇತುವೆ. ಸೈನ್ಯದ ವಾಹನಗಳು ಮೊದಲು ದಾಟಿ ಪರೀಕ್ಷಿಸಿದವು. ಹಾಸಿನ ಮೇಲೆ ಚಕ್ರ ಉರುಳಿದಾಗ ಬೈಲಿ ಸೇತುವೆ ಗಡಗಡ ಎನ್ನುತ್ತದೆ, ಹೊಸಬರಿಗೆ ಭಯ. ಜೋಡಿಸಿದ ತುಂಡುಗಳ ನಡುವಿನ ಸಡಿಲದ ಸದ್ದು ಅದು. ಬಳಿಕ ಮಣ್ಣು ತೋಡುವ ಯಂತ್ರಗಳು ಆಚೆಗೆ ಹೋದವು. ಆಚೆಯಿಂದ ಈಚೆಗೆ ಆಂಬುಲೆನ್ಸ್‌ಗಳು ಬರತೊಡಗಿದವು, ಹೆಚ್ಚಿನವು ಅವಸರವಿಲ್ಲದೆ.

ಆಗಸ್ಟ್ 8ರಂದು ಸೈನಿಕರಲ್ಲಿ ಬಹುಪಾಲು ಮಂದಿಯನ್ನು ಊರವರು, ಅಧಿಕಾರಿಗಳು ಬೀಳ್ಕೊಟ್ಟರು. ಹಲಸೂರಿನ ಅಂಗಳದಲ್ಲಿ ಕಟ್ಟಿದ್ದನ್ನು ಬಿಚ್ಚಿಯೇ ಅಭ್ಯಾಸವಾದವರು ಇದನ್ನು ಮಾತ್ರ ಬಿಚ್ಚದೆ ಹೋದರು. ಲಾರಿಗಳು ಓಡಾಡಿದಷ್ಟೂ ಬೋಲ್ಟುಗಳು ಸಡಿಲವಾಗುತ್ತವಲ್ಲ, ಹಾಗಾಗಿ ಸೇತುವೆ ನೋಡಿಕೊಳ್ಳಲು ಕೆಲವರು ಅಲ್ಲೇ ಉಳಿದರು, ಸ್ಪ್ಯಾನರ್ ಹಿಡಿದು.